ಕೆಂಪು ದೀಪದ ಕ್ಯಾಮರಾ: ಕಾಯುತ್ತದೆಯೋ, ಕಾಡುತ್ತದೆಯೋ?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಭವನದ ಹತ್ತಿರದ ಚೌಕಕ್ಕೆ ಸಿಗ್ನಲ್ ಕ್ಯಾಮರಾ ಹಾಕಿಸಬೇಕು ಎಂಬ ಮನವಿ ಪತ್ರಕ್ಕೆ ನಮ್ಮ ವೇದಿಕೆ ಸಹಿ ಸಂಗ್ರಹಿಸುತ್ತಿದೆ. ಈ ವಿಷಯದಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯಗಳಿವೆ. ಕ್ಯಾಮರಾ ಬಂದರೆ ಸಿಗ್ನಲ್ ಹಾರುವವರಿಗೆ ಬುದ್ಧಿ ಬರುತ್ತದೆ ಎನ್ನುವವರು ಕೆಲವರು. ಕ್ಯಾಮರಾ ಕಂಡ ಕೂಡಲೇ ಜನ ಗಕ್ಕನೆ ಬ್ರೇಕ್ ಹಾಕುತ್ತಾರೆ, ಹಿಂದಿನಿಂದ ಗುದ್ದಿಸಿಕೊಳ್ಳುವ ಗತಿ ಸ್ಕೂಟರಿನವರಿಗೇ ಎನ್ನುವವರು ಇನ್ನು ಕೆಲವರು. ಎಂಟೆಕ್ ಓದಿದವಳು ನೀನು, ಯಾರು ಸರಿ ಎಂದು ಹುಡುಕಿ ಹೇಳು ಎಂದು ಈ ಕೆಲಸವನ್ನು ನನಗೆ ವಹಿಸಿದ್ದಾರೆ. ನಾನು ರಸ್ತೆ ಎಂಜಿನಿಯರ್ ಅಲ್ಲ, ಸಾಫ್ಟ್‌ವೇರ್‌ನವಳು. ಆದರೆ ಅಂಕಿಗಳನ್ನು ಓದುವುದು, ಅವು ಎಲ್ಲಿ ದಾರಿ ತಪ್ಪಿಸುತ್ತವೆ ಎಂದು ನೋಡುವುದು ನನ್ನ ದಿನನಿತ್ಯದ ಕೆಲಸ. ಜೊತೆಗೆ ಪುಣೆಯಲ್ಲಿ ದಿನಾ ಸ್ಕೂಟರ್ ಓಡಿಸುವವಳು. ಹಾಗಾಗಿ ಒಪ್ಪಿಕೊಂಡೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ಕಡೆಯವರು ಸರಿ. ಕ್ಯಾಮರಾ ಒಂದು ಬಗೆಯ ಅಪಘಾತವನ್ನು ಕಡಿಮೆ ಮಾಡುತ್ತದೆ, ಇನ್ನೊಂದು ಬಗೆಯದನ್ನು ಹೆಚ್ಚಿಸುತ್ತದೆ. ಯಾವುದು ಎಷ್ಟು ಎನ್ನುವುದು ಆ ಚೌಕದ ಮೇಲೆ, ಅದರ ಹಳದಿ ದೀಪದ ಮೇಲೆ ನಿಂತಿದೆ. ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಈ ಕ್ಯಾಮರಾ ಬಂದ ಕಥೆ. ಹಾಲೆಂಡಿನಲ್ಲಿ ಮಾರಿಸ್ ಗಾಟ್ಸೋನಿಡೆಸ್ ಎಂಬ ರ‍್ಯಾಲಿ ಕಾರು ಓಡಿಸುವವನಿದ್ದ. 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ಇನ್ನೂ ವೇಗವಾಗಿ ಹೋಗುವುದು ಹೇಗೆ ಎಂದು ತಿಳಿಯಲು ತನ್ನ ಕಾರಿನ ವೇಗ ಅಳೆಯುವ ಸಾಧನವೊಂದನ್ನು ತಯಾರಿಸಿಕೊಂಡ. ಅದೇ ಮುಂದೆ ವೇಗದ ಕ್ಯಾಮರಾ ಆಯಿತು, 1960ರ ದಶಕದಲ್ಲಿ ಕೆಂಪು ದೀಪದ ಕ್ಯಾಮರಾ ಆಯಿತು. ವೇಗ ಹೆಚ್ಚಿಸಲು ಮಾಡಿದ ಯಂತ್ರ ಇವತ್ತು ಜಗತ್ತಿನ ವೇಗಕ್ಕೆ ಕಡಿವಾಣ ಹಾಕುತ್ತಿದೆ!

ಅದು ಕೆಲಸ ಮಾಡುವ ರೀತಿ ಸರಳ. ಸಿಗ್ನಲ್ ಕೆಂಪಾದ ಮೇಲೆ ಯಾವುದಾದರೂ ಗಾಡಿ ನಿಲ್ಲುವ ಗೆರೆಯನ್ನು ದಾಟಿ ಮುಂದೆ ಹೋದರೆ ಕ್ಯಾಮರಾ ಚಿತ್ರ ತೆಗೆಯುತ್ತದೆ. ಚಿತ್ರದಲ್ಲಿ ಕೆಂಪು ದೀಪ, ಗೆರೆ, ಗಾಡಿ, ನಂಬರ್ ಪ್ಲೇಟ್, ಸಮಯ ಎಲ್ಲವೂ ಇರಬೇಕು. ನಂಬರನ್ನು ಸಾಫ್ಟ್‌ವೇರ್ ಓದುತ್ತದೆ, ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಚಲನ್ ಹೋಗುತ್ತದೆ. ಇಲ್ಲಿ ಒಂದು ಮಾತು ಗಮನಿಸಿ. ಹಳದಿ ಇರುವಾಗಲೇ ಗೆರೆ ದಾಟಿದವರು ಸಿಗ್ನಲ್ ಹಾರಿದಂತೆ ಅಲ್ಲ. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಹಳದಿ ಕಂಡ ತಕ್ಷಣ ಗಾಬರಿಯಿಂದ ಬ್ರೇಕ್ ಒತ್ತುತ್ತಾರೆ.

ಈಗ ಅಪಘಾತಗಳಿಗೆ ಬರೋಣ. ಚೌಕದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಪಕ್ಕದ ರಸ್ತೆಯಿಂದ ಬಂದ ಗಾಡಿ ನಮ್ಮ ಮಗ್ಗುಲಿಗೆ ಗುದ್ದುವುದು. ಕೆಂಪು ದೀಪ ಹಾರಿದವನು ಮಾಡುವುದು ಇದನ್ನೇ. ಇದು ಭೀಕರ, ಏಕೆಂದರೆ ಎರಡೂ ಗಾಡಿಗಳು ವೇಗದಲ್ಲಿರುತ್ತವೆ, ಮಗ್ಗುಲಿನಲ್ಲಿ ನಮ್ಮನ್ನು ಕಾಯುವಂಥದ್ದು ಏನೂ ಇರುವುದಿಲ್ಲ. ಎರಡನೆಯದು, ಮುಂದಿನವರು ನಿಂತಾಗ ಹಿಂದಿನವರು ಬಂದು ಗುದ್ದುವುದು. ಕಾರಿನಲ್ಲಿದ್ದರೆ ಸಾಮಾನ್ಯವಾಗಿ ಬಂಪರ್ ಹೋಗುತ್ತದೆ, ಕತ್ತು ನೋಯುತ್ತದೆ.

ಅಮೆರಿಕದ ಹೆದ್ದಾರಿ ಆಡಳಿತ 2005ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಏಳು ಕಡೆಯ ಒಟ್ಟು 132 ಚೌಕಗಳನ್ನು ಕ್ಯಾಮರಾ ಬರುವ ಮೊದಲು ಮತ್ತು ಬಂದ ಮೇಲೆ ಹೋಲಿಸಿ ನೋಡಿದರು. ಮಗ್ಗುಲಿಗೆ ಗುದ್ದುವ ಅಪಘಾತಗಳು ಶೇಕಡಾ 24.6ರಷ್ಟು ಇಳಿದಿದ್ದವು. ಹಿಂದಿನಿಂದ ಗುದ್ದುವವು ಶೇಕಡಾ 14.9ರಷ್ಟು ಏರಿದ್ದವು. ಗಾಯವಾದ ಅಪಘಾತಗಳನ್ನು ಮಾತ್ರ ಲೆಕ್ಕ ಹಾಕಿದರೆ ಮೊದಲನೆಯದು ಶೇಕಡಾ 15.7 ಇಳಿಕೆ, ಎರಡನೆಯದು ಶೇಕಡಾ 24 ಏರಿಕೆ. ಮಗ್ಗುಲಿನ ಗುದ್ದಾಟ ಹೆಚ್ಚು ಘೋರವಾದ್ದರಿಂದ ಆಸ್ಪತ್ರೆ ಖರ್ಚು, ಜೀವಹಾನಿ ಎಲ್ಲವನ್ನೂ ಹಣದಲ್ಲಿ ಅಳೆದಾಗ ಒಟ್ಟಿನಲ್ಲಿ ಲಾಭವೇ ಎಂದು ತೀರ್ಮಾನಿಸಿದರು. ಲಾಭ ಹೌದು, ಆದರೆ ಭಾರೀ ಲಾಭವಲ್ಲ. ಮಗ್ಗುಲಿನ ಗುದ್ದಾಟ ಹೆಚ್ಚಿರುವ ಚೌಕಗಳಲ್ಲಿ ಲಾಭ ಹೆಚ್ಚು ಎಂದೂ ಹೇಳಿದರು. ಈ ಕೊನೆಯ ಮಾತನ್ನು ನೆನಪಿಡಿ, ನಮ್ಮ ಮನವಿ ಪತ್ರಕ್ಕೆ ಬೇಕಾಗುತ್ತದೆ.

ಇದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಎಂಬ ಊರಿನಲ್ಲಿ 1997ರಲ್ಲಿ ಕ್ಯಾಮರಾ ಹಾಕಿದ್ದರು. ಅಲ್ಲಿ ಸಿಗ್ನಲ್ ಇರುವ ಚೌಕಗಳಲ್ಲಿ ಗಾಯವಾಗುವ ಅಪಘಾತಗಳು ಶೇಕಡಾ 29ರಷ್ಟು ಕಡಿಮೆಯಾದವು ಎಂದು 2002ರಲ್ಲಿ ವರದಿಯಾಯಿತು. ಕ್ಯಾಮರಾ ಇಲ್ಲದ ಚೌಕಗಳಲ್ಲೂ ಜನ ಸಿಗ್ನಲ್ ಹಾರುವುದು ಕಡಿಮೆಯಾಗಿತ್ತು. ಯಾವ ಕಂಬದಲ್ಲಿ ಕಣ್ಣಿದೆಯೋ ಗೊತ್ತಿಲ್ಲದಾಗ ಎಲ್ಲ ಕಂಬಗಳ ಮುಂದೆಯೂ ಜನ ತಗ್ಗಿ ನಡೆಯುತ್ತಾರೆ.

ಹಾಗಾದರೆ ವಿಷಯ ಮುಗಿಯಿತಲ್ಲ ಎನ್ನಬೇಡಿ. ಇಂಥ ಹೋಲಿಕೆಗಳಲ್ಲಿ ಒಂದು ಮೋಸವಿದೆ. ಅಜ್ಜಿ ಹೇಳುತ್ತಿದ್ದ ಮಾತು ನಿಮಗೂ ಗೊತ್ತು: ಕಷಾಯ ಕುಡಿದರೆ ನೆಗಡಿ ಏಳು ದಿನಕ್ಕೆ ಹೋಗುತ್ತದೆ, ಕುಡಿಯದಿದ್ದರೆ ಒಂದು ವಾರ ಬೇಕು. ಕ್ಯಾಮರಾದ ಕಥೆಯೂ ಹೀಗಾಗಬಹುದು. ಒಂದು ಚೌಕದಲ್ಲಿ ಒಂದು ವರ್ಷ ದುರದೃಷ್ಟದಿಂದ ಅಪಘಾತ ಹೆಚ್ಚಾಯಿತು. ಗಲಾಟೆಯಾಯಿತು, ಕ್ಯಾಮರಾ ಬಂತು. ಮುಂದಿನ ವರ್ಷ ಅಪಘಾತ ಕಡಿಮೆಯಾಯಿತು. ಕೀರ್ತಿ ಕ್ಯಾಮರಾಕ್ಕೆ. ಆದರೆ ಏನೂ ಮಾಡದಿದ್ದರೂ ಆ ಸಂಖ್ಯೆ ತನ್ನ ಸಾಮಾನ್ಯ ಮಟ್ಟಕ್ಕೆ ಇಳಿಯುತ್ತಿತ್ತೇನೋ. ಒಳ್ಳೆಯ ಅಧ್ಯಯನಗಳು ಇದನ್ನು ಕಳೆದು ಲೆಕ್ಕ ಹಾಕುತ್ತವೆ. ಹಾಗೆ ಮಾಡದ ವರದಿಗಳೂ ಸಾಕಷ್ಟಿವೆ.

ಈ ಮೋಸದಿಂದ ತಪ್ಪಿಸಿಕೊಳ್ಳಲು ಹ್ಯೂಸ್ಟನ್ ನಗರ ಒಂದು ಅವಕಾಶ ಕೊಟ್ಟಿತು. ಅಲ್ಲಿ 2006ರಲ್ಲಿ ಕ್ಯಾಮರಾ ಬಂದವು. 2010ರ ನವೆಂಬರ್‌ನಲ್ಲಿ ನಗರದ ಜನರೇ ಮತ ಹಾಕಿ ಬೇಡ ಎಂದರು. ಅಂದರೆ ಕ್ಯಾಮರಾ ತೆಗೆದದ್ದು ಅಪಘಾತ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎಂಬ ಕಾರಣಕ್ಕಲ್ಲ. ಗ್ಯಾಲಗರ್ ಮತ್ತು ಫಿಶರ್ ಎಂಬ ಇಬ್ಬರು ಈ ಬದಲಾವಣೆಯನ್ನು ಬಳಸಿಕೊಂಡು 2020ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕ್ಯಾಮರಾ ತೆಗೆದ ಮೇಲೆ ಮಗ್ಗುಲಿನ ಗುದ್ದಾಟ ಹೆಚ್ಚಾಯಿತು, ಉಳಿದ ಬಗೆಯ ಅಪಘಾತಗಳು ಕಡಿಮೆಯಾದವು. ಒಟ್ಟು ಅಪಘಾತವಾಗಲಿ ಗಾಯಾಳುಗಳಾಗಲಿ ಕ್ಯಾಮರಾದಿಂದ ಕಡಿಮೆಯಾಗಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದರು.

ಇದಕ್ಕೆ ಎದುರಾಗಿ, ಅಮೆರಿಕದ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2016ರಲ್ಲಿ ಸಾವುಗಳನ್ನು ಮಾತ್ರ ಎಣಿಸಿತು. ಕ್ಯಾಮರಾ ಇಟ್ಟುಕೊಂಡ 57 ದೊಡ್ಡ ನಗರಗಳನ್ನು ಇಡದ 33 ನಗರಗಳೊಂದಿಗೆ ಹೋಲಿಸಿದಾಗ, ಸಿಗ್ನಲ್ ಹಾರುವುದರಿಂದ ಸಾವು ಸಂಭವಿಸುವ ಅಪಘಾತಗಳು ಕ್ಯಾಮರಾ ಇದ್ದ ಕಡೆ ಶೇಕಡಾ 21ರಷ್ಟು ಕಡಿಮೆ. ಕ್ಯಾಮರಾ ಹಾಕಿ ಆಮೇಲೆ ಆರಿಸಿದ ನಗರಗಳಲ್ಲಿ, ಆರಿಸದಿದ್ದರೆ ಆಗುತ್ತಿದ್ದುದಕ್ಕಿಂತ ಶೇಕಡಾ 30ರಷ್ಟು ಹೆಚ್ಚು.

ಒಂದು ಅಧ್ಯಯನ ಹೀಗೆ, ಇನ್ನೊಂದು ಹಾಗೆ. ಯಾರನ್ನು ನಂಬುವುದು? ನನ್ನ ಓದು ಇಷ್ಟು. ಎಣಿಸಿದ್ದು ಬೇರೆ ಬೇರೆಯಾದಾಗ ಉತ್ತರವೂ ಬೇರೆಯಾಗುತ್ತದೆ. ಎಲ್ಲ ಗುದ್ದಾಟಗಳನ್ನೂ ಎಣಿಸಿದರೆ ಕ್ಯಾಮರಾದಿಂದ ಹೆಚ್ಚೇನೂ ಆಗಿಲ್ಲ ಎನಿಸುತ್ತದೆ. ಸಾವುಗಳನ್ನು ಎಣಿಸಿದರೆ ಕ್ಯಾಮರಾ ಉಳಿಸಿದ ಹಾಗೆ ಕಾಣುತ್ತದೆ. ಆದರೆ ಎಲ್ಲರೂ ಒಪ್ಪುವ ಸಂಗತಿ ಒಂದಿದೆ: ಮಗ್ಗುಲಿನದು ಇಳಿಯುತ್ತದೆ, ಹಿಂದಿನದು ಏರುತ್ತದೆ.

ಈಗ ನಮ್ಮ ದೇಶಕ್ಕೆ ಬನ್ನಿ. ಹ್ಯೂಸ್ಟನ್ನಿನಲ್ಲಿ ಹಿಂದಿನಿಂದ ಗುದ್ದಿಸಿಕೊಳ್ಳುವುದು ಕಾರು. ಒಳಗೆ ಸೀಟ್ ಬೆಲ್ಟ್ ಇದೆ, ತಲೆಗೆ ಆನಿಕೆ ಇದೆ. ನಮ್ಮಲ್ಲಿ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, 19ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ನಮ್ಮ ಚೌಕದಲ್ಲಿ ಹಳದಿಗೆ ಗಕ್ಕನೆ ನಿಂತವಳು ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡಿರಬಹುದು. ಅವಳ ಹಿಂದೆ ಬಸ್ಸೋ ನೀರಿನ ಟ್ಯಾಂಕರೋ ಇರಬಹುದು. ಅಮೆರಿಕದ ಲೆಕ್ಕದಲ್ಲಿ ಬಂಪರ್ ಖರ್ಚು ಎಂದು ಬರೆದ ಸಾಲು ನಮ್ಮಲ್ಲಿ ಜೀವದ ಸಾಲಾಗಬಹುದು. ಹಾಗೆಯೇ ಕೆಂಪು ದೀಪವನ್ನು ನಂಬಿ ಜೀಬ್ರಾ ದಾಟುವ ನಮ್ಮ ಅತ್ತೆ, ಅಮ್ಮಂದಿರಿಗೆ ಕ್ಯಾಮರಾದ ರಕ್ಷಣೆ ಅಲ್ಲಿಗಿಂತ ಇಲ್ಲಿ ಹೆಚ್ಚು ಬೇಕು. ತಕ್ಕಡಿಯ ಎರಡು ತಟ್ಟೆಯೂ ನಮ್ಮಲ್ಲಿ ಭಾರ. ಅದಕ್ಕೇ ಅಲ್ಲಿನ ಉತ್ತರವನ್ನು ಎತ್ತಿ ತಂದು ಇಲ್ಲಿ ಇಡಲು ಆಗುವುದಿಲ್ಲ.

ಹಿಂದಿನಿಂದ ಗುದ್ದುವುದನ್ನು ತಪ್ಪಿಸಲು ದಾರಿ ಇದೆಯೇ? ಇದೆ. ಕೀಲಿ ಇರುವುದು ಕೆಂಪಿನಲ್ಲಲ್ಲ, ಹಳದಿಯಲ್ಲಿ. ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಹತ್ತನೇ ತರಗತಿಯದೇ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದೀರಿ ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹಳದಿ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡ್, ಅಷ್ಟರಲ್ಲಿ 14 ಮೀಟರ್ ಹೋಯಿತು. ಆಮೇಲೆ ಜಾರದಂತೆ, ಹದವಾಗಿ ಬ್ರೇಕ್ ಹಿಡಿದು ನಿಲ್ಲಲು ಇನ್ನು ಸುಮಾರು 32 ಮೀಟರ್. ಒಟ್ಟು 46 ಮೀಟರ್ ಬೇಕು. ಹಳದಿ ಮೂರೇ ಸೆಕೆಂಡ್ ಇದ್ದರೆ ಅಷ್ಟು ಹೊತ್ತಿನಲ್ಲಿ ನೀವು ಕ್ರಮಿಸುವುದು ಸುಮಾರು 42 ಮೀಟರ್. ಹಳದಿ ಹತ್ತಿದಾಗ ನೀವು ಗೆರೆಯಿಂದ 44 ಮೀಟರ್ ದೂರದಲ್ಲಿದ್ದೀರಿ ಎಂದಾದರೆ? ಹದವಾಗಿ ನಿಲ್ಲಲು ಜಾಗ ಸಾಲದು, ಕೆಂಪಾಗುವ ಮೊದಲು ಗೆರೆ ದಾಟಲೂ ಸಮಯ ಸಾಲದು. ಅತ್ತ ದರಿ, ಇತ್ತ ಪುಲಿ ಅನ್ನುವುದು ಇದಕ್ಕೇ. ಮಳೆಗಾಲದಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕನ್ನು ಇನ್ನೂ ಮೆಲ್ಲಗೆ ಹಿಡಿಯಬೇಕು. ಆಗ ನಿಲ್ಲಲು 60 ಮೀಟರ್ ದಾಟುತ್ತದೆ, ಈ ಸಂಕಟದ ಜಾಗವೂ ಉದ್ದವಾಗುತ್ತದೆ.

ಗಾಜಿಸ್, ಹರ್ಮನ್, ಮಾರಡುಡಿನ್ ಎಂಬ ಮೂವರು ವಿಜ್ಞಾನಿಗಳು 1960ರಲ್ಲೇ ಇದನ್ನು ಬರೆದಿದ್ದಾರೆ. ಚಾಲಕರು ಸಿಗ್ನಲ್ ಹಾರುವುದಕ್ಕೆ ದುಡುಕು ಮಾತ್ರ ಕಾರಣವಲ್ಲ, ಹಳದಿಯ ಅವಧಿ ತಪ್ಪಾಗಿದ್ದರೆ ಒಳ್ಳೆಯ ಚಾಲಕನೂ ಸಿಕ್ಕಿಬೀಳುತ್ತಾನೆ ಎಂದು ತೋರಿಸಿದರು. ಅವರ ಸೂತ್ರದ ಪ್ರಕಾರ ನಮ್ಮ ಉದಾಹರಣೆಗೆ ಹಳದಿ ಕನಿಷ್ಠ 3.3 ಸೆಕೆಂಡ್ ಇರಬೇಕು. ಗಂಟೆಗೆ 60 ಕಿಲೋಮೀಟರ್ ಆದರೆ 3.8 ಸೆಕೆಂಡ್. ಅರ್ಧ ಸೆಕೆಂಡ್ ಎಂದು ಹಗುರವಾಗಿ ನೋಡಬೇಡಿ. ಆ ಅರ್ಧ ಸೆಕೆಂಡಿನಲ್ಲೇ ನಿಲ್ಲಲೋ ಹೋಗಲೋ ಎಂಬ ಗೊಂದಲ ಇರುವುದು.

ಈ ಸೂತ್ರದ ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2013ರಲ್ಲಿ ಒಬ್ಬ ಮಹಿಳೆಗೆ ಕ್ಯಾಮರಾ ಚಲನ್ ಬಂತು. ಅವರ ಗಂಡ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಕುಳಿತು ಲೆಕ್ಕ ಹಾಕಿದರು. ಹಳೆಯ ಸೂತ್ರ ನೇರ ಹೋಗುವವರಿಗೆ ಮಾತ್ರ ಸರಿ, ತಿರುಗುವವರು ವೇಗ ತಗ್ಗಿಸಲೇಬೇಕಾದ್ದರಿಂದ ಅವರಿಗೆ ಹಳದಿ ಇನ್ನೂ ಉದ್ದ ಬೇಕು ಎಂದು ಕಂಡುಕೊಂಡರು. ಇದನ್ನು ಊರಿಗೆಲ್ಲ ಹೇಳಹೊರಟಾಗ ರಾಜ್ಯದ ಎಂಜಿನಿಯರಿಂಗ್ ಮಂಡಳಿ, ಲೈಸೆನ್ಸ್ ಇಲ್ಲದೆ ಎಂಜಿನಿಯರ್ ಎಂದು ಹೇಳಿಕೊಂಡಿದ್ದಕ್ಕೆ 500 ಡಾಲರ್ ದಂಡ ಹಾಕಿತು! ಅವರು ಕೋರ್ಟಿಗೆ ಹೋಗಿ 2018ರಲ್ಲಿ ಗೆದ್ದರು. 2020ರಲ್ಲಿ ಅಲ್ಲಿನ ಸಾರಿಗೆ ಎಂಜಿನಿಯರುಗಳ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ತಿರುಗುವವರ ಲೆಕ್ಕವನ್ನೂ ಸೇರಿಸಿತು. ಒಂದು ಮನೆಗೆ ಬಂದ ಚಲನ್ನಿನಿಂದ ಇಷ್ಟೆಲ್ಲ ಆಯಿತು. ಪ್ರಶ್ನೆ ಕೇಳುವುದರಲ್ಲಿ ನಷ್ಟವಿಲ್ಲ ಎನ್ನಲು ಇದನ್ನು ಹೇಳಿದೆ.

ಇನ್ನು ಹಣದ ವಿಷಯ. ಶಿಕಾಗೊ ನಗರದಲ್ಲಿ ಕ್ಯಾಮರಾ ಗುತ್ತಿಗೆಗಾಗಿ ಲಂಚ ಪಡೆದ ನಗರಾಡಳಿತದ ಅಧಿಕಾರಿಗೆ 2016ರಲ್ಲಿ ಹತ್ತು ವರ್ಷ ಜೈಲಾಯಿತು. ಕ್ಯಾಮರಾ ದಂಡದ ಪೆಟ್ಟಿಗೆಯಾದರೆ ಯಾರಿಗೂ ಹಳದಿ ಉದ್ದ ಮಾಡುವ ಮನಸ್ಸಿರುವುದಿಲ್ಲ, ಏಕೆಂದರೆ ಹಳದಿ ಸರಿಹೋದರೆ ದಂಡ ಇಳಿಯುತ್ತದೆ. ನಮ್ಮ ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಚೌಕಗಳಲ್ಲಿ ಹೊಸ ಕ್ಯಾಮರಾ ವ್ಯವಸ್ಥೆ ಬಂತು. ತವರಿಗೆ ಹೋದಾಗ ನಿಮ್ಮಲ್ಲಿ ಕೆಲವರು ಅದರ ರುಚಿ ನೋಡಿಯೂ ಇರಬಹುದು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು. ಜನ ಸಾಲು ನಿಂತು ಕಟ್ಟಿದರು. ಖಜಾನೆಗೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಬಾಕಿ ಉಳಿದು, ಕೊನೆಗೆ ಅರ್ಧಕ್ಕೆ ಇಳಿಯುವ ದಂಡ ಯಾರಿಗೂ ಪಾಠ ಕಲಿಸುವುದಿಲ್ಲ. ತಪ್ಪು ಮಾಡಿದ ವಾರದಲ್ಲೇ ಕೈಗೆ ಬರುವ ಚಿಕ್ಕ ದಂಡ, ಎರಡು ವರ್ಷದ ನಂತರ ಬರುವ ದೊಡ್ಡ ದಂಡಕ್ಕಿಂತ ಮೇಲು.

ಕಾನೂನು ಏನು ಹೇಳುತ್ತದೆ ಎಂದೂ ತಿಳಿದಿರಲಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಕೆಂಪು ದೀಪ ಹಾರುವುದನ್ನು ಅಪಾಯಕಾರಿ ಚಾಲನೆ ಎಂದು ಸೇರಿಸಿದ್ದಾರೆ. 2021ರ ಆಗಸ್ಟ್‌ನಲ್ಲಿ ಕೇಂದ್ರದ ನಿಯಮಗಳಿಗೆ 167ಎ ಎಂಬ ಹೊಸ ನಿಯಮ ಬಂತು. ಅದರ ಪ್ರಕಾರ ಕ್ಯಾಮರಾ ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮರಾ ಇದೆ ಎಂಬ ಎಚ್ಚರಿಕೆ ಫಲಕ ಮೊದಲೇ ಕಾಣುವಂತೆ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಇವು ನಾವು ಬೇಡಿ ಪಡೆಯುವ ದಾನವಲ್ಲ, ನಿಯಮದಲ್ಲೇ ಇರುವ ಮಾತು.

ಮನೆಯ ಕಡೆಯ ಒಂದೆರಡು ವಿಷಯ. ಸ್ಕೂಟರ್ ಓಡಿಸುವುದು ನಾವು, ನೋಂದಣಿ ಗಂಡನದೋ ಅಪ್ಪನದೋ ಹೆಸರಿನಲ್ಲಿ. ಮೆಸೇಜ್ ಹೋಗುವುದು ಅವರ ಹಳೆಯ ಮೊಬೈಲ್ ನಂಬರಿಗೆ. ನಂಬರ್ ಸರಿಮಾಡಿಸಿಕೊಳ್ಳಿ. ಮಾರಿದ ಗಾಡಿಯ ಹೆಸರು ಬದಲಾಗಿದೆಯೇ ನೋಡಿ, ಇಲ್ಲದಿದ್ದರೆ ಕೊಂಡವನ ತಪ್ಪಿಗೆ ಚಲನ್ ನಿಮಗೆ. ವಾಟ್ಸಾಪಿನಲ್ಲಿ ಚಲನ್ ಎಂದು ಹೇಳಿ ಯಾವುದೋ ಆ್ಯಪ್ ಇಳಿಸಿಕೊಳ್ಳಲು ಲಿಂಕ್ ಬಂದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆಗೆ ಕನ್ನ ಹಾಕುವವರ ಕೆಲಸ. ಸರ್ಕಾರದ ಪರಿವಾಹನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಹಾಗಾದರೆ ಮನವಿ ಪತ್ರಕ್ಕೆ ಸಹಿ ಹಾಕಬೇಕೇ? ಹಾಕಬೇಕು. ಆದರೆ ಈಗಿರುವ ಒಂದೇ ಸಾಲಿನ ಪತ್ರಕ್ಕಲ್ಲ. ಅದಕ್ಕೆ ಐದು ಮಾತು ಸೇರಿಸೋಣ ಎಂದು ನನ್ನ ಸಲಹೆ.

ಮೊದಲನೆಯದು, ಈ ಚೌಕದಲ್ಲಿ ಕಳೆದ ಮೂರು ವರ್ಷ ಯಾವ ಬಗೆಯ ಅಪಘಾತಗಳಾಗಿವೆ ಎಂದು ಪೊಲೀಸರು ತಿಳಿಸಲಿ. ಮಗ್ಗುಲಿನದೇ ಹೆಚ್ಚಿದ್ದರೆ ಕ್ಯಾಮರಾ ಸರಿಯಾದ ಮದ್ದು. ವೇಗವೇ ರೋಗವಾಗಿದ್ದರೆ ಮದ್ದು ಬೇರೆ. ದೇಶದಲ್ಲಿ 2022ರಲ್ಲಿ ಆದ ಸಾವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚನ್ನು ಅತಿವೇಗದ ಲೆಕ್ಕಕ್ಕೆ ಬರೆದಿದ್ದಾರೆ, ಕೆಂಪು ದೀಪ ಹಾರಿದ್ದಕ್ಕೆ ನೂರಕ್ಕೆ ಒಂದರ ಆಸುಪಾಸು.

ಎರಡನೆಯದು, ಕ್ಯಾಮರಾಕ್ಕಿಂತ ಮೊದಲು ಹಳದಿಯ ಅವಧಿಯನ್ನು ಅಲ್ಲಿನ ನಿಜವಾದ ವೇಗಕ್ಕೆ ತಕ್ಕಂತೆ ಸರಿಪಡಿಸಲಿ. ಜೊತೆಗೆ ಒಂದೆರಡು ಸೆಕೆಂಡ್ ಎಲ್ಲ ದಿಕ್ಕಿಗೂ ಕೆಂಪು ಇರಲಿ. ನಮ್ಮಲ್ಲಿ ಅಂಕಿ ಇಳಿಯುವ ಟೈಮರ್ ಮೂರಕ್ಕೆ ಬಂದಾಗಲೇ ಗಾಡಿಗಳು ಮುಂದೆ ಸರಿಯುತ್ತವೆ. ಆ ಎರಡು ಸೆಕೆಂಡ್ ನಡುವೆ ಸಿಕ್ಕಿಕೊಂಡವರ ಪ್ರಾಣ ಉಳಿಸುತ್ತದೆ.

ಮೂರನೆಯದು, ನಿಲ್ಲುವ ಗೆರೆ ಮತ್ತು ಜೀಬ್ರಾ ಕಾಣುವಂತಿರಲಿ, ಮರದ ಕೊಂಬೆ, ಫ್ಲೆಕ್ಸ್ ಬ್ಯಾನರು ಸಿಗ್ನಲ್ಲನ್ನು ಮುಚ್ಚದಿರಲಿ. ಕಾಣದ ಗೆರೆ ದಾಟಿದ್ದಕ್ಕೆ ದಂಡ ಹಾಕುವುದು ನ್ಯಾಯವಲ್ಲ.

ನಾಲ್ಕನೆಯದು, ನಡೆಯುವವರಿಗೆ ಸಾಕಷ್ಟು ಸಮಯ. 24 ಮೀಟರ್ ಅಗಲದ ರಸ್ತೆಯನ್ನು ನಾನು 20 ಸೆಕೆಂಡಿನಲ್ಲಿ ದಾಟುತ್ತೇನೆ. ಮಂಡಿನೋವಿರುವ ನಮ್ಮ ಹಿರಿಯರಿಗೆ 30 ಸೆಕೆಂಡಾದರೂ ಬೇಕು.

ಐದನೆಯದು, ಆರು ತಿಂಗಳಿಗೊಮ್ಮೆ ಎಷ್ಟು ದಂಡ ಬಂತು ಎಂದಲ್ಲ, ಎಷ್ಟು ಅಪಘಾತವಾಯಿತು, ಯಾವ ಬಗೆಯದು ಎಂದು ಪ್ರಕಟಿಸಲಿ. ಹಿಂದಿನಿಂದ ಗುದ್ದುವುದು ಹೆಚ್ಚಾದರೆ ಹಳದಿಯನ್ನು ಮತ್ತೆ ನೋಡಲಿ.

ಕೊನೆಯದಾಗಿ ನಮ್ಮ ಕೈಯಲ್ಲೇ ಇರುವುದು. ಹಸಿರು ಕಂಡಾಗ ಮೊದಲ ಸಾಲಿನಲ್ಲಿದ್ದರೆ ಒಂದು ಉಸಿರು ತಡೆದು, ಎಡಬಲ ನೋಡಿ ಹೊರಡಿ. ಹಿಂದಿನವನು ಹಾರ್ನ್ ಹೊಡೆಯಲಿ, ಅವನಿಗೆ ಹಾರ್ನ್ ಇದೆ, ನಮಗೆ ಮಕ್ಕಳಿದ್ದಾರೆ. ಸಿಗ್ನಲ್ ಹತ್ತಿರ ಬರುವಾಗ ಹಸಿರಿದ್ದರೂ ಆಕ್ಸಿಲರೇಟರ್ ಸ್ವಲ್ಪ ತಗ್ಗಿಸಿ. ಗಂಟೆಗೆ 50ರ ಬದಲು 40ರಲ್ಲಿದ್ದರೆ ಮೂರು ಸೆಕೆಂಡಿನ ಹಳದಿಯೂ ಸಾಕಾಗುತ್ತದೆ, ಮೇಲಿನ ಸಂಕಟದ ಜಾಗವೇ ಇರುವುದಿಲ್ಲ. ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಇದಕ್ಕೆ ಯಾವ ಮನವಿಯೂ ಬೇಡ, ಯಾವ ಟೆಂಡರೂ ಬೇಡ.

ಮುಂದಿನ ಭಾನುವಾರ ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಗಂಟೆ ಚೌಕದಲ್ಲಿ ನಿಂತು ಹಳದಿಯ ಅವಧಿ ಅಳೆಯಲು, ಕೆಂಪಿಗೆ ಹಾರುವವರನ್ನು ಎಣಿಸಲು ನನಗೆ ನಾಲ್ಕು ಜನ ಬೇಕು. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಚಹಾ ನನ್ನ ಕಡೆಯಿಂದ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಸಿಗಿ.